ಹೊಡೆಯದೆ ಶಿಕ್ಷಿಸಬಹುದೇ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಆಟದ ಸಾಮಾನು ಸಿಗದಿದ್ದರೆ ತಂಗಿಗೆ ಹೊಡೆಯುತ್ತಾನೆ, ಕಚ್ಚುತ್ತಾನೆ. ‘ಎರಡು ಬಾರಿಸು, ಸರಿಹೋಗ್ತಾನೆ’ ಅನ್ನುತ್ತಾರೆ ನಮ್ಮತ್ತೆ. ನನಗೆ ಮನಸ್ಸು ಬರುವುದಿಲ್ಲ. ‘ಟೈಮ್ ಔಟ್’ ಎಂದು ಎಲ್ಲೋ ಓದಿ ಮೂಲೆಯಲ್ಲಿ ಕೂರಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಇಂಥ ಸಣ್ಣ ಶಿಕ್ಷೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಾಡುತ್ತವೆ. ಆದರೆ ಎಲ್ಲಿ ಕೂರಿಸಿದಿರಿ ಎನ್ನುವುದು ಮುಖ್ಯವಲ್ಲ, ಅಲ್ಲಿ ಕೂತಷ್ಟು ಹೊತ್ತು ಅವನಿಗೆ ಏನು ತಪ್ಪಿಹೋಯಿತು ಎನ್ನುವುದು ಮುಖ್ಯ.

1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಮತ್ತು ಹೇಡನ್ ಮೀಸ್ ಒಂದು ವರದಿ ಪ್ರಕಟಿಸಿದರು. ಡಿಕಿ ಎಂದು ಅವರು ಕರೆದ ಹುಡುಗನಿಗೆ ಮೂರೂವರೆ ವರ್ಷ, ಆಟಿಸಂ ಇತ್ತು. ಪೊರೆ ಬಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ಕನ್ನಡಕ ಹಾಕದಿದ್ದರೆ ದೃಷ್ಟಿಯೇ ಹೋಗುವ ಭಯ. ಅವನೋ ಕಿತ್ತು ಎಸೆಯುತ್ತಿದ್ದ. ಎಸೆದಾಗಲೆಲ್ಲ ಹತ್ತು ನಿಮಿಷ ಕೋಣೆಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಎಸೆಯುವುದು ನಿಂತಿತು. ನಿಯಮ ಕೈಬಿಟ್ಟಾಗ ಮತ್ತೆ ಶುರುವಾಯಿತು, ಮರಳಿ ತಂದಾಗ ಮತ್ತೆ ನಿಂತಿತು. ಇಷ್ಟನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೂ ಮೊದಲು ಕನ್ನಡಕ ಹಾಕಿಕೊಳ್ಳುವುದನ್ನು ತಿನ್ನಲು ಏನಾದರೂ ಕೊಟ್ಟು, ಹಂತಹಂತವಾಗಿ, ತಾಳ್ಮೆಯಿಂದ ಕಲಿಸಿದ್ದರು ಎಂಬುದನ್ನು ಮರೆಯುತ್ತಾರೆ. ಶಿಕ್ಷೆ ಕೆಟ್ಟದ್ದನ್ನು ನಿಲ್ಲಿಸೀತು. ಅದರ ಜಾಗದಲ್ಲಿ ಏನು ಮಾಡಬೇಕೆಂದು ಅದು ಕಲಿಸುವುದಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಮಗನನ್ನು ಮೂಲೆಗೆ ಕಳಿಸಿದ ಮೇಲೆ ಏನಾಯಿತು? ಬಹುಶಃ ನೀವು ಎದುರಿಗೆ ನಿಂತು ಬುದ್ಧಿ ಹೇಳಿದಿರಿ, ಅವನು ವಾದಿಸಿದ, ನೀವು ಉತ್ತರ ಕೊಟ್ಟಿರಿ. ಅಷ್ಟರಲ್ಲಿ ಅಜ್ಜಿ ಕರಗಿ ಒಂದು ರವೆ ಉಂಡೆ ತಂದರು. (ಬಾರಿಸು ಎನ್ನುವ ಅಜ್ಜಿಯರೇ ಮೊದಲು ಕರಗುವುದು!) ಇಡೀ ಮನೆಯ ಗಮನ ಅವನ ಮೇಲೇ ಇದ್ದರೆ ಅದು ಶಿಕ್ಷೆ ಹೇಗಾದೀತು? ಮಕ್ಕಳಿಗೆ ಬೈಗುಳವೂ ಒಂದು ಬಗೆಯ ಗಮನವೇ.

ಹೀಗೆ ಮಾಡಿ ನೋಡಿ. ಸದ್ಯಕ್ಕೆ ಹೊಡೆಯುವುದು, ಕಚ್ಚುವುದು ಎರಡಕ್ಕೆ ಮಾತ್ರ ಈ ನಿಯಮ. ಉಳಿದ ತಂಟೆಯನ್ನು ಕಂಡೂ ಕಾಣದಂತೆ ಬಿಡಿ. ಅವನು ಖುಷಿಯಾಗಿರುವಾಗಲೇ ನಿಯಮ ತಿಳಿಸಿ. ಹೊಡೆದ ತಕ್ಷಣ ‘ಹೊಡೆಯೋ ಹಾಗಿಲ್ಲ, ಹೋಗಿ ಕೂತ್ಕೋ’ ಎಂದು ಒಂದೇ ಮಾತು, ತಣ್ಣಗೆ. ವರ್ಷಕ್ಕೊಂದು ನಿಮಿಷ ಎಂಬ ರೂಢಿಯ ಲೆಕ್ಕದಲ್ಲಿ ಅವನಿಗೆ ನಾಲ್ಕು ನಿಮಿಷ ಸಾಕು, ಇನ್ನೂ ಕೂರಿಸಿದರೆ ಹೆಚ್ಚು ಲಾಭವಿಲ್ಲ. ಆಮೇಲೆ ಆ ವಿಷಯ ಎತ್ತಬೇಡಿ. ಜಗಳ ಒಂದು ಆಟಿಕೆಗಾಗಿ ಆಗಿದ್ದರೆ ಅದನ್ನೇ ಸ್ವಲ್ಪ ಹೊತ್ತು ಎತ್ತಿಡುವುದೂ ಒಳ್ಳೆಯ ಉಪಾಯ. ಕತ್ತಲೆ ಕೋಣೆ, ಬಾಗಿಲ ಚಿಲಕ, ಗುಮ್ಮನ ಹೆದರಿಕೆ, ಊಟ ತಪ್ಪಿಸುವುದು ಯಾವುದೂ ಬೇಡ. ಅವು ಸಣ್ಣ ಶಿಕ್ಷೆಗಳಲ್ಲ.

ಮೊದಮೊದಲು ರಂಪ ಹೆಚ್ಚಾಗುತ್ತದೆ. ಹಿಂದೆ ಫಲ ಕೊಟ್ಟ ದಾರಿಯನ್ನು ಮಗು ಇನ್ನಷ್ಟು ಜೋರಾಗಿ ಪರೀಕ್ಷಿಸುತ್ತದೆ. ಅಲ್ಲಿ ಸೋತರೆ, ‘ಇನ್ನೂ ಜೋರಾಗಿ ಅತ್ತರೆ ಗೆಲ್ಲಬಹುದು’ ಎಂದು ನೀವೇ ಕಲಿಸಿದಂತಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಪ್ರಯತ್ನ ಕೆಡುವುದು ಈ ಹಂತದಲ್ಲೇ. ಆದ್ದರಿಂದ ಮೊದಲು ಅತ್ತೆಯವರನ್ನು ಕೂರಿಸಿಕೊಂಡು ಮಾತಾಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೊಡೆತವೇ ಬೇಡ ಎಂದಿದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಅದನ್ನು ನಿಷೇಧಿಸಿದೆ. ಇವುಗಳಿಗಿಂತ ‘ಉಂಡೆ ನಾಲ್ಕು ನಿಮಿಷ ತಡವಾಗಿ ಕೊಡಿ ಅತ್ತೆ’ ಎಂಬ ಮಾತು ಹೆಚ್ಚು ನಾಟೀತು.

ಇನ್ನು, ತಂಗಿಯ ಜೊತೆ ಜಗಳವಿಲ್ಲದೆ ಆಡುತ್ತಿರುವಾಗ ನೀವು ‘ಸದ್ಯ ಸುಮ್ಮನಿದ್ದಾನೆ’ ಎಂದು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತೀರಿ, ಅಲ್ಲವೇ? ಆಗಲೇ ಪಕ್ಕದಲ್ಲಿ ಕೂತು, ‘ತಂಗಿಗೂ ಕೊಟ್ಯಲ್ಲ, ಜಾಣ’ ಅನ್ನಿ. ಆ ಒಳ್ಳೆಯ ಹೊತ್ತು ಇಲ್ಲದ ಮನೆಯಲ್ಲಿ ಮೂಲೆಗೆ ಹೋದರೆ ಮಗು ಕಳೆದುಕೊಳ್ಳುವುದೇನೂ ಇರುವುದಿಲ್ಲ.

ಕೆಲವು ವಾರ ಬಿಡದೆ ಮಾಡಿದ ಮೇಲೂ ಕಚ್ಚುವುದು ಕಡಿಮೆಯಾಗದಿದ್ದರೆ, ಅಥವಾ ತನಗೇ ಗಾಯ ಮಾಡಿಕೊಂಡರೆ, ಮಕ್ಕಳ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.