ಅತ್ತೆಗೆ ಹಿತ್ತಾಳೆ ಬೇಕು, ಇವರಿಗೆ ಹಾಬ್ ಬೇಕು

ಪ್ರಶ್ನೆ: ಅಕ್ಕಾ, ನಾವು ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೂರಿಸುವ ಹಂತಕ್ಕೆ ಬಂದಿದೆ. ಯಾವ ಒಲೆ ತರುತ್ತೀರಿ, ಅಳತೆ ಹೇಳಿ, ಕಲ್ಲು ಕೊಯ್ಯಬೇಕು ಎಂದು ಮೇಸ್ತ್ರಿ ದಿನಾ ಕೇಳುತ್ತಾನೆ. ನಮ್ಮ ಯಜಮಾನರಿಗೆ ಕಟ್ಟೆಯೊಳಗೆ ಕೂರುವ ಗಾಜಿನ ಹಾಬ್ ಬೇಕು. ಅಂಗಡಿಯವರು ತೋರಿಸಿದ ಹಾಬಿನಲ್ಲಿ ಇಟಲಿಯ ಅಲ್ಯೂಮಿನಿಯಂ ಬರ್ನರ್ ಇದೆ. ಅತ್ತೆಯವರು “ಆ ಜರ್ಮನ್ ಬರ್ನರ್ ನನ್ನ ಮನ್ಯಾಗ ಬ್ಯಾಡ, ಹಿತ್ತಾಳಿದು ತರ್ರಿ” ಎಂದು ಹಟ ಹಿಡಿದಿದ್ದಾರೆ (ನಮ್ಮ ಕಡೆ ಅಲ್ಯೂಮಿನಿಯಂಗೆ ಜರ್ಮನ್ ಎನ್ನುತ್ತಾರೆ). ಹಿತ್ತಾಳೆ ಒಲೆಯ ಅಡುಗೆ ಮೈಗೆ ಒಳ್ಳೆಯದಂತೆ. ಅಲ್ಯೂಮಿನಿಯಂನಿಂದ ಮರೆವಿನ ರೋಗ ಬರುತ್ತದೆಂದು ನಾದಿನಿ ವಾಟ್ಸ್ಆ್ಯಪ್ ಕಳಿಸಿದ್ದಾಳೆ. ಭಾವನವರು ಬೀಡಿನದೇ ಗಟ್ಟಿ ಎನ್ನುತ್ತಾರೆ. ಈಗ ನಮ್ಮ ಮನೆಯಲ್ಲಿರುವುದೂ ಅಲ್ಯೂಮಿನಿಯಂ ಬರ್ನರಿನ ಒಲೆಯೇ. ಅದರ ಉರಿ ಹಳದಿಯಾಗಿ ಬೋಗುಣಿಗಳ ತಳವೆಲ್ಲ ಮಸಿ ಹಿಡಿಯುತ್ತಿದೆ. ಯಾರ ಮಾತು ಕೇಳಿದರೂ ಇನ್ನೊಬ್ಬರಿಗೆ ಸಿಟ್ಟು. ಮನೆಯಲ್ಲಿ ಒಂಬತ್ತು ಮಂದಿ, ದಿನಾ ಜೋಳದ ರೊಟ್ಟಿ ಆಗಲೇಬೇಕು. ರೊಟ್ಟಿ ಬಡಿಯುವವಳು ನಾನೊಬ್ಬಳೇ.
— ಒಬ್ಬ ಓದುಗರು, ಗದಗ ಜಿಲ್ಲೆ

ಉತ್ತರ: ತಂಗಿ, ನಿಮ್ಮ ಕಾಗದದಲ್ಲಿ ಮನೆಮಂದಿಯ ಮಾತೆಲ್ಲ ಮೊದಲು ಬಂದಿದೆ, ರೊಟ್ಟಿ ಬಡಿಯುವವಳ ಮಾತು ಕೊನೆಯ ಸಾಲಿಗೆ ಬಿದ್ದಿದೆ. ನಾನು ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಒಂಬತ್ತು ಮಂದಿಯ ರೊಟ್ಟಿ ಎಂದರೆ ನಿಮ್ಮ ದೊಡ್ಡ ಬರ್ನರಿನ ಮೇಲೆ ದಿನವೂ ಗಂಟೆಗಟ್ಟಲೆ ಕಾದ ಹಂಚು ಕೂತಿರುತ್ತದೆ. ಆ ಬರ್ನರಿಗೆ ಹಿತ್ತಾಳೆಯೇ ಸರಿ. ಅತ್ತೆಯವರ ಆಯ್ಕೆ ಸರಿ, ಅವರು ಕೊಟ್ಟ ಕಾರಣ ಮಾತ್ರ ತಪ್ಪು.

ಆರೋಗ್ಯದ ಮಾತನ್ನು ಮೊದಲು ಮುಗಿಸಿಬಿಡೋಣ. ಬರ್ನರ್ ಅನ್ನಕ್ಕೂ ತಾಗುವುದಿಲ್ಲ, ಸಾರಿಗೂ ತಾಗುವುದಿಲ್ಲ. ಹಿತ್ತಾಳೆಯ ಗುಣ ಉರಿಯ ಮೂಲಕ ರೊಟ್ಟಿಗೆ ಹತ್ತುವುದೂ ಇಲ್ಲ, ಅಲ್ಯೂಮಿನಿಯಂನ ದೋಷ ತಲೆಗೆ ಏರುವುದೂ ಇಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಂಡರೆ ಮರೆವಿನ ರೋಗ ಬರುತ್ತದೆ ಎಂಬುದೇ ಸಾಬೀತಾಗಿಲ್ಲ, ಬರ್ನರಿನ ಮಾತಂತೂ ದೂರವೇ ಉಳಿಯಿತು. ಆರೋಗ್ಯದ ಚಿಂತೆ ಇದ್ದರೆ ಅದನ್ನು ಆ ಹಳದಿ ಉರಿಯ ಮೇಲೆ ಇಡಿ. ಸರಿಯಾಗಿ ಗಾಳಿ ಸಿಗದೆ ಅರೆಬರೆ ಉರಿದ ಗ್ಯಾಸ್ ಮಸಿಯನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಬಿಡುತ್ತದೆ, ಅದು ನಿಮ್ಮ ಉಸಿರಿಗೆ ಸೇರುತ್ತದೆ.

ಇನ್ನು ಲೋಹ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಹಿತ್ತಾಳೆ ಕರಗಲು 900 ದಾಟಬೇಕು, ಬೀಡಿಗೆ 1,150ರ ಆಸುಪಾಸು ಬೇಕು. ಗ್ಯಾಸಿನ ಉರಿ ಈ ಮೂರಕ್ಕಿಂತಲೂ ಬಿಸಿ. ಹಾಗಿದ್ದೂ ಬರ್ನರ್ ಕರಗದಿರುವುದು ಏಕೆಂದರೆ ಉರಿ ತೂತಿನ ಹೊರಗೆ ನಿಂತು ಉರಿಯುತ್ತದೆ. ಒಳಗಿಂದ ಬರುವ ತಣ್ಣನೆಯ ಗ್ಯಾಸು-ಗಾಳಿ ಲೋಹದ ಬಿಸಿಯನ್ನು ತೆಗೆಯುತ್ತಲೇ ಇರುತ್ತದೆ. ಹತ್ತು ನಿಮಿಷದಲ್ಲಿ ಚಹಾ ಮಾಡಿ, ಕುಕ್ಕರ್ ಕೂಗಿಸಿ ಇಳಿಸುವ ಮನೆಗೆ ಅಲ್ಯೂಮಿನಿಯಂ ಬರ್ನರ್ ಧಾರಾಳವಾಗಿ ಸಾಕು. ರೊಟ್ಟಿಯ ಮನೆಯ ಲೆಕ್ಕ ಬೇರೆ. ಅಗಲವಾದ ಹಂಚು ಕಾದು ಕೂತಾಗ ಅದರ ಝಳ ಕೆಳಮುಖವಾಗಿ ತಿರುಗಿ ಬರ್ನರಿನ ತಲೆಗೇ ಹೊಡೆಯುತ್ತದೆ. ಅಲ್ಯೂಮಿನಿಯಂ ಕರಗುವ ಮಟ್ಟಕ್ಕೆ ಹೋಗಬೇಕಾಗಿಯೇ ಇಲ್ಲ, 200-300 ಡಿಗ್ರಿಗೇ ಅದರ ಬಲ ಕುಂದತೊಡಗುತ್ತದೆ. ದಿನವೂ ಹೀಗೇ ನಡೆದರೆ ತಲೆ ಸೊಟ್ಟಗಾಗುತ್ತದೆ, ಸೊಟ್ಟಗಾದ ಸಂದಿಯಿಂದ ಉರಿ ಒಂದೇ ಕಡೆ ಏಳುತ್ತದೆ. ಉಪ್ಪು ಹಾಕಿದ ಬೇಳೆನೀರು ಉಕ್ಕಿ ಬಿದ್ದ ಜಾಗದಲ್ಲಿ ಬಿಳಿ ಪುಡಿ ಎದ್ದು ಸಣ್ಣ ಗುಳಿಗಳೂ ಬೀಳುತ್ತವೆ. ಹಿತ್ತಾಳೆ ಇದನ್ನೆಲ್ಲ ಚೆನ್ನಾಗಿ ತಡೆಯುತ್ತದೆ. ಕೆಲವೇ ದಿನಗಳಲ್ಲಿ ಕಂದಾಗಿ, ಕಪ್ಪಾಗಿ ಚಂದ ಕಳೆದುಕೊಳ್ಳುತ್ತದೆ ನಿಜ, ಕೆಲಸ ಕೆಡಿಸುವುದಿಲ್ಲ.

ಒಂದು ಸೂಚನೆ, ಯಾವ ಬರ್ನರ್ ತಂದರೂ ನೆನಪಿರಲಿ. ಉರಿ ತೀರಾ ಸಣ್ಣ ಮಾಡಿದಾಗ ಕೆಲವೊಮ್ಮೆ ‘ಟಪ್’ ಎಂದು ಅದು ಒಳಗೆ ಸರಿದು, ಗ್ಯಾಸ್ ಚಿಮ್ಮುವ ಜೆಟ್ಟಿನ ಹತ್ತಿರವೇ ಉರಿಯತೊಡಗುತ್ತದೆ. ಮೇಲೆ ಉರಿ ಕಾಣುವುದಿಲ್ಲ, ಬುಸ್ಸೆನ್ನುವ ಸದ್ದು ಮಾತ್ರ ಕೇಳುತ್ತದೆ. ತಕ್ಷಣ ನಾಬ್ ಮುಚ್ಚಿ, ಬರ್ನರ್ ತಣ್ಣಗಾದ ಮೇಲೆ ಮತ್ತೆ ಹಚ್ಚಿ. ಅದೇ ಪದೇಪದೇ ಆಗುತ್ತಿದ್ದರೆ ಮೆಕ್ಯಾನಿಕ್ಕನ್ನು ಕರೆಸಿ.

ಹಿತ್ತಾಳೆ ಬರ್ನರ್ ಎಂದು ಅಂಗಡಿಯವರು ತೋರಿಸುವುದು ಹೆಚ್ಚಾಗಿ ಮೇಲಿನ ತಲೆಯೊಂದನ್ನೇ. ಅದರ ಕೆಳಗೆ ಗ್ಯಾಸು-ಗಾಳಿ ಬೆರೆಯುವ ಮಿಕ್ಸಿಂಗ್ ಟ್ಯೂಬ್ ಇರುತ್ತದೆ, ಅದು ಬೀಡಿನದೋ ಅಲ್ಯೂಮಿನಿಯಂನದೋ ಎಂದು ಕೇಳಿ ತಿಳಿಯಿರಿ. ಬೀಡಿನದಿದ್ದರೆ ಒಳ್ಳೆಯದು. ಭಾವನವರ ಮಾತಿಗೆ ಬೆಲೆ ಸಿಗುವುದು ಇಲ್ಲಿ. ತಲೆಯೂ ಬೀಡಿನದೇ ಆದರೆ ಹೋಟೆಲಿನ ಭಟ್ಟಿಗೆ ಸರಿ. ತೊಳೆದು ಒದ್ದೆ ಇಟ್ಟರೆ ತುಕ್ಕು ಹಿಡಿದು ತೂತಿನಲ್ಲಿ ಉದುರುವ ಅದನ್ನು ಮನೆಯಲ್ಲಿ ಯಾರು ದಿನಾ ಒರೆಸುತ್ತಾ ಕೂರುತ್ತಾರೆ? ಹಿತ್ತಾಳೆಯ ತಲೆಯನ್ನು ಎತ್ತಿ ಕೈಯಲ್ಲಿ ತೂಗಿ ನೋಡಿ. ಒಂದೇ ಗಾತ್ರದ ಅಲ್ಯೂಮಿನಿಯಂ ತುಂಡಿಗಿಂತ ಹಿತ್ತಾಳೆ ಮೂರು ಪಟ್ಟು ಭಾರ, ಆದ್ದರಿಂದ ಹಗುರಾಗಿ ಬಂದರೆ ಸಂಶಯಪಡಿ. ಮಗುಚಿ ಒಳಮೈ ನೋಡಿ. ಮೇಲೆ ಹಳದಿ, ಒಳಗೆ ಬೆಳ್ಳಗಿದ್ದರೆ ಅದು ಲೇಪನದ ಮಾಲು. ಆಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣವಿದೆ. ಆದರೆ ಅಂಟದ ಮಾತ್ರಕ್ಕೆ ಹಿತ್ತಾಳೆ ಎಂದು ನಂಬಬೇಡಿ, ಅಲ್ಯೂಮಿನಿಯಂಗೂ ಅದು ಅಂಟುವುದಿಲ್ಲ.

ಹಿತ್ತಾಳೆ ಹಾಕಿದರೆ ಗ್ಯಾಸ್ ಉಳಿಯುತ್ತದೆ ಎಂಬ ಮಾತಿಗೆ ಮಾತ್ರ ದುಡ್ಡು ಕೊಡಬೇಡಿ. ಪಾತ್ರೆಗೆ ಬಿಸಿ ಸಿಗುವುದು ಉರಿಯಿಂದ. ತೂತುಗಳ ಅಳತೆ, ಒಳಬರುವ ಗಾಳಿ, ಪಾತ್ರೆಗೂ ಉರಿಗೂ ನಡುವಿನ ಅಂತರ, ಇವುಗಳ ಮೇಲೆ ಉಳಿತಾಯ ನಿಂತಿದೆ. ಎಲ್‌ಪಿಜಿ ಒಲೆಗಳಿಗಿರುವ ಐಎಸ್ 4246 ಮಾನಕದ ಪ್ರಕಾರ ಗ್ಯಾಸಿನ ಶಾಖದಲ್ಲಿ ಕನಿಷ್ಠ ಶೇ 68ರಷ್ಟು ಪಾತ್ರೆಗೆ ಸೇರಬೇಕು. ಐಎಸ್‌ಐ ಗುರುತು ಇದೆಯೇ, ಸ್ಟಾರ್ ಲೇಬಲ್ ಇದೆಯೇ ನೋಡಿ. ಗುರುತಿಲ್ಲದ ಒಲೆಯ ಬರ್ನರ್ ಬಂಗಾರದ್ದಾದರೂ ಬೇಡ.

ಈಗ ಯಜಮಾನರ ಹಾಬು. ಅಂಗಡಿಯವರು ತೋರಿಸಿದ್ದು ಕೆಟ್ಟದ್ದಲ್ಲ. ಯುರೋಪಿನ ಹಾಬುಗಳಲ್ಲಿ ಅಲ್ಯೂಮಿನಿಯಂ ಬರ್ನರಿನ ಮೇಲೆ ಎನಾಮಲ್ ಹಚ್ಚಿದ ಉಕ್ಕಿನ ಮುಚ್ಚಳ ಕೂರುತ್ತದೆ, ಉಕ್ಕಿದ್ದು ನೇರ ತೂತಿಗೆ ಇಳಿಯುವುದಿಲ್ಲ. ಅದು ನಮ್ಮ ಅಗ್ಗದ ಗಾಜಿನ ಒಲೆಗಳ ತೆಳು ಅಲ್ಯೂಮಿನಿಯಂ ತಲೆಯಂಥದಲ್ಲ. ನಾನು ಹಾಬಿನ ಪರವಾಗಿ ಹೇಳುವ ಬಲವಾದ ಮಾತು ಬೇರೆಯೇ ಇದೆ: ಎಫ್‌ಎಫ್‌ಡಿ, ಅಂದರೆ ಫ್ಲೇಮ್ ಫೇಲ್ಯೂರ್ ಡಿವೈಸ್. ಬರ್ನರಿನ ಪಕ್ಕ ಒಂದು ಸಣ್ಣ ಕಡ್ಡಿ ಉರಿಗೆ ತಾಗುತ್ತಾ ನಿಂತಿರುತ್ತದೆ. ಹಾಲು ಉಕ್ಕಿ ಉರಿ ಆರಿದರೆ ಆ ಕಡ್ಡಿ ತಣ್ಣಗಾಗಿ ಸ್ವಲ್ಪ ಹೊತ್ತಿನಲ್ಲೇ ಗ್ಯಾಸ್ ತಾನಾಗಿ ನಿಲ್ಲುತ್ತದೆ. ಹಾಲಿಟ್ಟು ಕೂಸಿನ ಹಿಂದೆ ಓಡುವ ಮನೆಗಳಲ್ಲಿ ಇದರ ಬೆಲೆ ಹಿತ್ತಾಳೆಗಿಂತ ದೊಡ್ಡದು. ಎಲ್ಲ ಹಾಬಿನಲ್ಲೂ ಇರುವುದಿಲ್ಲ, ಕೆಲವದರಲ್ಲಿ ಒಂದೇ ಬರ್ನರಿಗೆ ಇರುತ್ತದೆ. ಎಲ್ಲ ಬರ್ನರಿಗೂ ಇದೆಯೇ ಎಂದು ಕೇಳಿ.

ಹಾಗಾಗಿ ನೀವು ಹುಡುಕಬೇಕಾದದ್ದು ಎಫ್‌ಎಫ್‌ಡಿ ಇರುವ, ದೊಡ್ಡ ಬರ್ನರ್ ಹಿತ್ತಾಳೆಯದಿರುವ ಹಾಬ್. ಅಂಥವು ಪೇಟೆಯಲ್ಲಿವೆ. ಉಳಿದ ಸಣ್ಣ ಬರ್ನರುಗಳು ಅಲ್ಯೂಮಿನಿಯಂ ಆದರೂ ನಡೆಯುತ್ತದೆ. ಬರ್ನರಿನ ತಲೆಯೊಂದೇ ಕೆಟ್ಟರೆ ನಿಮ್ಮ ಊರಿನಲ್ಲೇ ಸಿಗುತ್ತದೆಯೇ, ಹುಬ್ಬಳ್ಳಿಗೆ ಹೋಗಬೇಕೇ ಎಂಬುದನ್ನೂ ಬಿಲ್ ಬರೆಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಸ್ಪೇರ್ ಸಿಗದ ಇಟಲಿಗಿಂತ ಭಾಂಡೆ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಮೇಲು.

ಅಂಗಡಿಗೆ ಹೋಗುವಾಗ ನಿಮ್ಮ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಚಬೇಡಿ. ದೊಡ್ಡ ಬರ್ನರಿನ ಸ್ಟ್ಯಾಂಡಿನ ಮೇಲೆ ಇಟ್ಟು, ಒಂದು ಬದಿ ಕೈಯಿಂದ ಒತ್ತಿ. ಅಲ್ಲಾಡಿದರೆ, ಅಥವಾ ಪಕ್ಕದ ಬರ್ನರಿನ ಮೇಲೆ ಬೋಗುಣಿ ಕೂರಲು ಜಾಗ ಬಿಡದಿದ್ದರೆ, ಆ ಹಾಬ್ ಎಷ್ಟೇ ಚಂದವಿದ್ದರೂ ನಿಮ್ಮದಲ್ಲ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಹಿತ್ತಾಳೆ ತೂಗಿ ನೋಡುವ ಕೆಲಸ ಅವರಿಗೆ ಕೊಡಿ. ಯಜಮಾನರಿಗೆ ಎಫ್‌ಎಫ್‌ಡಿ ಪರೀಕ್ಷಿಸುವ ಕೆಲಸ. ಕೊನೆಗೆ “ಇದು” ಎಂದು ಬೆರಳು ತೋರಿಸುವವರು ನೀವೇ ಆಗಿರಿ. ಒಲೆಯ ಮುಂದೆ ನಿಲ್ಲುವವರನ್ನು ಕೇಳದೆ ಒಲೆ ತರುವ ಪದ್ಧತಿ ನಮ್ಮಲ್ಲಿ ತುಂಬಾ ಹಳೆಯದು, ಇಷ್ಟಾದರೂ ಮುರಿಯಿರಿ.

ಅಲ್ಲಿಯವರೆಗೆ ಈಗಿನ ಒಲೆಯ ಹಳದಿ ಉರಿಗೆ ಅಲ್ಯೂಮಿನಿಯಂ ಒಂದನ್ನೇ ದೂರಬೇಡಿ. ರೊಟ್ಟಿಗೆ ಹಚ್ಚಿದ ಒಣ ಹಿಟ್ಟು ಹಂಚಿನ ಅಂಚಿನಿಂದ ಉದುರಿ ತೂತುಗಳಲ್ಲಿ ಕೂತು ಕರಕಲಾಗಿರುತ್ತದೆ. ಅಡುಗೆ ಮುಗಿದು ಪೂರ್ತಿ ತಣ್ಣಗಾದ ಮೇಲೆ ತಲೆ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಂತೆಯೇ ಉಜ್ಜಿ, ಆಮೇಲೆ ತೊಳೆಯಿರಿ. ಸೂಜಿಯಿಂದ ಮೆಲ್ಲಗೆ ಬಿಡಿಸಿ, ತೂತು ಅಗಲ ಮಾಡಬೇಡಿ. ಅಲ್ಯೂಮಿನಿಯಂಗೆ ಸೋಡಾ ಹಾಕಬೇಡಿ, ತಿಂದುಬಿಡುತ್ತದೆ. ನಾಳೆ ಹಿತ್ತಾಳೆ ಬಂದಾಗ ಹುಣಸೆಹಣ್ಣು ಸಾಕು. ಯಾವುದೇ ಆಗಲಿ, ಪೂರ್ತಿ ಒಣಗಿಸಿ ಕೂರಿಸಿ. ಆಮೇಲೂ ಹಳದಿ ಉಳಿದರೆ ಗಾಳಿಯ ಕಿಂಡಿ, ಜೆಟ್ ಎರಡನ್ನೂ ಮೆಕ್ಯಾನಿಕ್ಕಿಗೆ ತೋರಿಸಿ.

ಮೇಸ್ತ್ರಿಗೆ ಇನ್ನೂ ಒಂದು ಮಾತು ಹೇಳುವುದಿದೆ. ಹಾಬಿನ ಕೆಳಗಿನ ಕಪಾಟಿನಲ್ಲೇ ಸಿಲಿಂಡರ್ ಇಡುವ ಯೋಚನೆ ಇದ್ದರೆ ಮೊದಲು ಗ್ಯಾಸ್ ಏಜೆನ್ಸಿಯವರನ್ನು ಕರೆಸಿ ಜಾಗ ತೋರಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಕಪಾಟಿನ ಬಾಗಿಲಿನ ಬುಡದಲ್ಲಿ ಗಾಳಿಯಾಡಲು ಜಾಲರಿ ಬಿಡಿಸಿ. ಕಲ್ಲು ಕೊಯ್ಯುವ ಅಳತೆಯನ್ನು ಹಾಬ್ ಮನೆಗೆ ಬಂದ ಮೇಲೆ, ಡಬ್ಬಿಯೊಳಗಿನ ಕಾಗದ ನೋಡಿ ಕೊಡಿ. ಅಲ್ಲಿಯತನಕ ಮೇಸ್ತ್ರಿ ಕಾಯಲಿ.