ಚಹದ ಬಗೆಗಳು: ಕೊಳ್ಳುವ ವಿವೇಕ, ಕುಡಿಯುವ ವೇಳೆ

ಕನ್ನಡಿಗರ ಮನೆಗಳಲ್ಲಿ ಕಾಫಿಗೆ ಅಗ್ರಪೂಜೆ ಸಲ್ಲುವುದು ವಾಡಿಕೆ. ಆದರೆ ಚೆನ್ನೈಗೆ ಬಂದು ಗಿಂಡಿಯ ಕೈಗಾರಿಕಾ ವಸಾಹತು ಹಾಗೂ ಸುತ್ತಲಿನ ಕಚೇರಿಗಳಲ್ಲಿ ದುಡಿಯುವವರಿಗೆ ಹೊತ್ತುಹೊತ್ತಿಗೆ ಸುಲಭವಾಗಿ ದೊರೆಯುವುದು ಬೀದಿಬದಿಯ ಚಹ. ಹೊರಗಿನ ಈ ಅಭ್ಯಾಸವು ಕ್ರಮೇಣ ಮನೆಯೊಳಗೂ ಕಾಲಿರಿಸಿದೆ. ದಿನಕ್ಕೆ ಮೂರು ನಾಲ್ಕು ಬಾರಿ ಸೇವಿಸುವ ಪದಾರ್ಥವನ್ನು ಅರಿತು ಕೊಳ್ಳುವುದೂ ಅರಿತು ಕುಡಿಯುವುದೂ ಅವಶ್ಯಕ.

ಒಂದೇ ಗಿಡ, ಹಲವು ಬಗೆ

ಬಿಳಿ, ಹಸಿರು, ಊಲಾಂಗ್, ಕಪ್ಪು ಎಂಬ ನಾಲ್ಕೂ ಬಗೆಯ ಚಹಗಳು ‘ಕಮೆಲಿಯಾ ಸೈನೆನ್ಸಿಸ್’ ಎಂಬ ಒಂದೇ ಸಸ್ಯದ ಎಲೆಗಳಿಂದ ತಯಾರಾಗುತ್ತವೆ. ಭೇದವಿರುವುದು ಸಂಸ್ಕರಣದಲ್ಲಿ. ಎಳೆಯ ಮೊಗ್ಗನ್ನು ಬಾಡಿಸಿ ಒಣಗಿಸಿದರೆ ಬಿಳಿ ಚಹ. ಕೊಯ್ದ ಎಲೆಯನ್ನು ಬೇಗನೆ ಬಿಸಿಗೊಡ್ಡಿದರೆ ಹಸಿರು ಚಹ. ಗಾಳಿಯಲ್ಲಿ ಅರ್ಧ ಮಾಗಿಸಿದರೆ ಊಲಾಂಗ್. ಪೂರ್ತಿ ಮಾಗಿಸಿದರೆ ಕಪ್ಪು ಚಹ.

ಕಪ್ಪು ಚಹದಲ್ಲಿಯೂ ಎರಡು ಪದ್ಧತಿಗಳಿವೆ. ಎಲೆಯನ್ನು ಹೊಸೆದು ಸುರುಳಿ ಮಾಡುವ ಸಾಂಪ್ರದಾಯಿಕ ಪದ್ಧತಿಯನ್ನು ‘ಆರ್ಥೊಡಾಕ್ಸ್’ ಎನ್ನುತ್ತಾರೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಳಕೆಗೆ ಬಂದ ‘ಸಿ.ಟಿ.ಸಿ.’ ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಗುಂಡು ಕಾಳುಗಳನ್ನಾಗಿಸುತ್ತದೆ. ಹಾಲು ಬೆರೆಸಿ ಕುದಿಸುವ ಮನೆಗಳಿಗೆ ಸಿ.ಟಿ.ಸಿ. ಪುಡಿಯೇ ಯೋಗ್ಯ. ಆರ್ಥೊಡಾಕ್ಸ್ ಎಲೆಯ ಪರಿಮಳವು ಹಾಲಿಲ್ಲದೆ ಕುಡಿದಾಗ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಇದನ್ನು ಕುದಿಸದೆ, ಬಿಸಿನೀರಿನಲ್ಲಿ ಮೂರರಿಂದ ಐದು ನಿಮಿಷ ನೆನೆಸಿ ಸೋಸಿದರೆ ಸಾಕು. ಹಸಿರು ಚಹಕ್ಕೆ ನೀರು ಕುದಿಯುವ ಹಂತಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಕಹಿಯಾಗುತ್ತದೆ.

ಯಾವ ನಾಡಿನದು, ಎಲ್ಲಿ ದೊರೆಯುವುದು

ಅಸ್ಸಾಮಿನ ಚಹ ಗಾಢ. ಡಾರ್ಜಿಲಿಂಗಿನದು ಸೌಮ್ಯ, ಸುವಾಸಿತ. ಡಾರ್ಜಿಲಿಂಗ್ ಚಹವು 2004ರಲ್ಲಿ ಭಾರತದ ಮೊದಲ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆಯಿತು. ಪೊಟ್ಟಣದ ಮೇಲೆ ಅದರ ಅಧಿಕೃತ ಲಾಂಛನವಿದೆಯೇ ಎಂದು ನೋಡಿ ಕೊಳ್ಳಬೇಕು.

ಚೆನ್ನೈವಾಸಿಗಳಿಗೆ ಸಮೀಪದ್ದು ನೀಲಗಿರಿ ಚಹ. ಅಲ್ಲಿಯ ಸಣ್ಣ ಬೆಳೆಗಾರರಲ್ಲಿ ಕನ್ನಡಕ್ಕೆ ಹತ್ತಿರವಾದ ನುಡಿಯನ್ನಾಡುವ ಬಡಗರು ಬಹುಸಂಖ್ಯೆಯಲ್ಲಿದ್ದಾರೆಂಬುದು ನಮ್ಮವರಿಗೆ ಸಂತಸದ ಸಂಗತಿ. ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಒಕ್ಕೂಟವಾದ ‘ಇಂಡ್‌ಕೋಸರ್ವ್’ ಮತ್ತು ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಉದ್ಯೋಗ ಒದಗಿಸಲು ಆರಂಭವಾಗಿ, 1976ರಲ್ಲಿ ಸರ್ಕಾರಿ ನಿಗಮವಾದ ‘ಟ್ಯಾನ್‌ಟೀ’ಗಳ ಚಹವನ್ನು ಸಹಕಾರಿ ಮಳಿಗೆಗಳಲ್ಲಿ ವಿಚಾರಿಸಬಹುದು. ತವರಿಗೆ ಹೋದವರು ಕೊಟ್ಟಿಗೆಹಾರದ ಕಡೆಯಿಂದ ಬರುವಾಗ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು ಚಹವನ್ನು ತರಬಹುದು.

ಬೆಲೆಯನ್ನು ಕಿಲೋ ಲೆಕ್ಕಕ್ಕಿಂತ ಬಟ್ಟಲಿನ ಲೆಕ್ಕದಲ್ಲಿ ನೋಡುವುದು ಲೇಸು. ಬಟ್ಟಲಿಗೆ 2 ಗ್ರಾಂ ಎಂದಿಟ್ಟುಕೊಂಡರೆ, ಕಿಲೋಗೆ 400 ರೂಪಾಯಿಯ ಪುಡಿಗೆ 80 ಪೈಸೆ ತಗಲುತ್ತದೆ. 1,000 ರೂಪಾಯಿಯ ಎಲೆಗೆ 2 ರೂಪಾಯಿ. ಚೆನ್ನೈಯ ತೇವದ ಹವೆಯಲ್ಲಿ ಚಹ ಬೇಗ ಕೆಡುವುದರಿಂದ 250 ಗ್ರಾಮಿಗಿಂತ ಹೆಚ್ಚು ಕೊಳ್ಳದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಕಲಬೆರಕೆಯ ಪರೀಕ್ಷೆ

ಬಳಸಿ ಒಣಗಿಸಿದ ಚಹಕ್ಕೆ ಬಣ್ಣ ಹಚ್ಚಿ ಮಾರುವ ಮೋಸ ಹಳೆಯದು. ಸೋಸುಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ, ನೀರು ಚಿಮುಕಿಸಿ, ಪುಡಿಯನ್ನು ತೆಗೆದು ಕಾಗದವನ್ನು ನಲ್ಲಿಯ ನೀರಿನಲ್ಲಿ ತೊಳೆಯಬೇಕು. ಕಪ್ಪು-ಕಂದು ಕಲೆಗಳು ಉಳಿದರೆ ಕೃತಕ ಬಣ್ಣವಿದೆಯೆಂದು ಶಂಕಿಸಬೇಕು. ಕಬ್ಬಿಣದ ಚೂರುಗಳನ್ನು ಅಯಸ್ಕಾಂತವೇ ತೋರಿಸಿಕೊಡುತ್ತದೆ. ಸಂಶಯ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಬಹುದು. ಮಾದರಿಗಳನ್ನು ಪರೀಕ್ಷಿಸುವ ಆಹಾರ ವಿಶ್ಲೇಷಣಾ ಪ್ರಯೋಗಾಲಯವು ಗಿಂಡಿಯ ಕಿಂಗ್ ಸಂಸ್ಥೆಯ ಆವರಣದಲ್ಲಿಯೇ ಇದೆ.

ಕುಡಿಯುವ ವೇಳೆ

ಉತ್ತಮ ಚಹವನ್ನು ಆರಿಸಿದರೂ ವೇಳೆ ತಪ್ಪಿದರೆ ಹಾನಿಯುಂಟು. ಚಹದ ಟ್ಯಾನಿನ್ ಅಂಶವು ಆಹಾರದ ಕಬ್ಬಿಣಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಸೊಪ್ಪು, ಹುರುಳಿ, ರಾಗಿಗಳಂಥ ಸಸ್ಯಾಹಾರದ ಕಬ್ಬಿಣಕ್ಕೇ ಈ ತಡೆ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಮುಂಜಾನೆಯಿಂದ ಅಡುಗೆಮನೆಯಲ್ಲಿ ದುಡಿದು, ಎಲ್ಲರನ್ನೂ ಕಳುಹಿಸಿದ ಮೇಲೆ ತಿಂಡಿಯ ಜೊತೆಗೇ ಚಹ ಕುಡಿಯುವ ಗೃಹಿಣಿಯು ತಾನು ಉಂಡ ಕಬ್ಬಿಣದ ಒಂದು ಪಾಲನ್ನು ತಿಳಿಯದೆಯೇ ಕಳೆದುಕೊಳ್ಳುತ್ತಾಳೆ. ಹಸಿರು ಚಹಕ್ಕೂ ಈ ಮಾತು ಅನ್ವಯಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ನೀಡಿದ ಆಹಾರ ಸೂಚಿಗಳ ಪ್ರಕಾರ, ಊಟಕ್ಕೆ ಒಂದು ಗಂಟೆ ಮೊದಲು ಹಾಗೂ ಒಂದು ಗಂಟೆ ನಂತರದವರೆಗೆ ಚಹ, ಕಾಫಿಗಳನ್ನು ವರ್ಜಿಸಬೇಕು. ಕೆಫೀನು ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಒಂದು ಬಟ್ಟಲು ಚಹದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಕಬ್ಬಿಣದ ಮಾತ್ರೆಯನ್ನಂತೂ ಚಹದೊಡನೆ ನುಂಗಲೇಬಾರದು. ಊಟದಲ್ಲಿ ನಿಂಬೆರಸವಿದ್ದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ.

ಬೆಲೆಬಾಳುವ ಚಹವನ್ನು ತಿಂಡಿಯ ಜೊತೆಗೆ ಕುಡಿಯುವುದಕ್ಕಿಂತ, ಸಾಮಾನ್ಯ ಚಹವನ್ನು ಒಂದು ಗಂಟೆ ತಡೆದು ಕುಡಿಯುವುದು ಮೇಲು. ಇದಕ್ಕೆ ಖರ್ಚಿಲ್ಲ, ಮನೆಮಂದಿಯೆಲ್ಲರೂ, ಮುಖ್ಯವಾಗಿ ಮನೆಯೊಡತಿಯು, ಈ ಒಂದು ನಿಯಮವನ್ನು ಪಾಲಿಸಿದರೆ ಸಾಕು.