ಬಾಗಿಲು ತಟ್ಟಿದ ಸದ್ದು
ರಾಜಿಂದರ್ ಸಿಂಗ್ ಬೇಡಿ ಉರ್ದುವಿನ ದೊಡ್ಡ ಕಥೆಗಾರರು. ಮೊದಲು ಲಾಹೋರಿನ ಅಂಚೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ನಂತರ ಆಲ್ ಇಂಡಿಯಾ ರೇಡಿಯೊ ಸೇರಿ ನಾಟಕಗಳನ್ನು ಬರೆದರು. ಅವುಗಳಲ್ಲಿ ಒಂದು 'ನಕ್ಲ್-ಎ-ಮಕಾನಿ'. ಹಾಗೆಂದರೆ ಮನೆ ಬದಲಾಯಿಸುವುದು.

ಗಂಡ ಹೆಂಡತಿ ಬಾಡಿಗೆ ಮನೆಗೆ ಬರುತ್ತಾರೆ. ಅಲ್ಲಿ ಮೊದಲು ಇದ್ದವಳು ಹಾಡಿ ಬದುಕುವ ತವಾಯಫ್. ಅವಳನ್ನು ಕೇಳಿಕೊಂಡು ಬರುವವರು ಈಗಲೂ ಬಾಗಿಲು ತಟ್ಟುತ್ತಾರೆ.

ಕಥೆಯಲ್ಲಾದರೆ 'ಅವಳಿಗೆ ಭಯವಾಯಿತು' ಎಂದು ಬರೆಯಬಹುದು. ರೇಡಿಯೊದಲ್ಲಿ ಆ ಭಯ ಕಿವಿಗೆ ಕೇಳಿಸಬೇಕು: ಬಾಗಿಲ ಸದ್ದು, ಸ್ವಲ್ಪ ಮೌನ, ತಗ್ಗಿದ ದನಿ. 1970ರಲ್ಲಿ ಬೇಡಿಯವರೇ ಅದನ್ನು 'ದಸ್ತಕ್' ಎಂಬ ಸಿನಿಮಾ ಮಾಡಿದರು. ದಸ್ತಕ್ ಎಂದರೆ ಬಾಗಿಲು ತಟ್ಟುವುದು. ಪರದೆಯ ಮೇಲೆ ಅದೇ ಭಯವನ್ನು ಮುಖವೇ ಹೇಳಬೇಕು. ನಾಯಕಿ ರೆಹಾನಾ ಸುಲ್ತಾನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಮನೆಯಲ್ಲಿ ಈ ಕಥೆ ಹೇಳಿದೆ. ಅಮ್ಮಿ ಕೇಳಿದರು: "ತಪ್ಪು ಮಾಡದವರು ಯಾಕೆ ತಲೆ ತಗ್ಗಿಸಬೇಕು?" ಲೆಕ್ಕಶಾಸ್ತ್ರದಲ್ಲಿ ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಗೆ ಬರೆಯುವುದಿಲ್ಲ. ಊರು ಮಾತ್ರ ಹಾಗೆ ಬರೆಯುತ್ತದೆ. ಬಾಡಿಗೆ ಮನೆಗಾಗಿ ಅಲೆದವರಿಗೆ ಇದು ಗೊತ್ತು.

ಗೆಳೆಯರೇ, ನಿಮ್ಮ ಪಠ್ಯದ ಒಂದು ಕಥೆಯನ್ನು ಬರೀ ಸದ್ದು ಮತ್ತು ಮಾತುಗಳಲ್ಲಿ ಬರೆದು ನೋಡಿ. ಯಾವ ವಾಕ್ಯ ಬೇಕು, ಯಾವುದು ಬೇಡ ಎಂಬುದು ತಾನಾಗಿ ತಿಳಿಯುತ್ತದೆ.